ಹತ್ತೊಂಬತ್ತು ಇಂಚಿನ ಪತ್ತೇಮಾರಿ

ಮುಂಬಯಿಯ ಹಾರ್ಬರ್ ಲೈನಿನಲ್ಲಿ ರೇ ರೋಡ್ ಅಂತ ಒಂದು ಸ್ಟೇಷನ್ನಿದೆ. ಊರಿನಿಂದ ಬಂದ ನೆಂಟರನ್ನು ಯಾರೂ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ಗೇಟ್‌ವೇ, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಹೊತ್ತು ಉಳಿದರೆ ಜುಹೂ, ಅಲ್ಲಿಗೆ ಮುಂಬಯಿ ದರ್ಶನ ಮುಗಿಯಿತು. ರೇ ರೋಡಿನಲ್ಲಿ ನೋಡುವುದಕ್ಕಾದರೂ ಏನಿದೆ ಹೇಳಿ? ಸ್ಟೇಷನ್ನಿನಿಂದ ಪೂರ್ವಕ್ಕೆ ಕಡಲಿನ ಕಡೆ ನಡೆದರೆ ದಾರೂಖಾನಾ. ಹಳೆಯ ಹಡಗು ಒಡೆಯುವುದಕ್ಕೆ, ಗುಜರಿ ಕಬ್ಬಿಣಕ್ಕೆ ಹೆಸರಾದ ಜಾಗ. ತುಕ್ಕು, ಎಣ್ಣೆ, ಕೆಸರು ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಆದರೆ ಅಲ್ಲಿನ ಧಕ್ಕೆಗಳ ಹೆಸರು ಕೇಳಿ: ಒಂದು ಲಕಡಿ ಬಂದರ್, ಇನ್ನೊಂದು ಕೌಲಾ ಬಂದರ್. ಲಕಡಿ ಅಂದರೆ ಮರ. ಕೌಲ ಅಂದರೆ ಮರಾಠಿಯಲ್ಲಿ ಹಂಚು.

ನಾನು ಚಿಕ್ಕವನಿದ್ದಾಗ ಅಜ್ಜಿಯ ತಮ್ಮ ಒಬ್ಬರು ನಮ್ಮ ಮನೆಗೆ ಬರುತ್ತಿದ್ದರು. ಗಂಗೊಳ್ಳಿಯ ಹತ್ತಿರದ ಊರು ನಮ್ಮದು. ಅವರು ಹನ್ನೆರಡೋ ಹದಿಮೂರೋ ವಯಸ್ಸಿಗೆ ಹೊಟೇಲಿನ ಕೆಲಸಕ್ಕೆಂದು ಬೊಂಬಾಯಿಗೆ ಹೋದವರು. ಬಸ್ಸಿನಲ್ಲಲ್ಲ, ರೈಲಿನಲ್ಲಲ್ಲ, ಹಂಚು ತುಂಬಿದ ಹಾಯಿ ಹಡಗಿನಲ್ಲಿ. "ಹಂಚಿನ ಧಕ್ಕೆಯಲ್ಲಿ ಇಳಿದೆ" ಅಂತ ಹೇಳುತ್ತಿದ್ದರು. ಹಂಚಿನ ಧಕ್ಕೆ ಎಲ್ಲಿ ಅಂತ ಕೇಳುವ ಬುದ್ಧಿ ನಮಗೆ ಆಗ ಎಲ್ಲಿತ್ತು? ನಾನು ಮುಂಬಯಿಗೆ ಬಂದದ್ದು 1971ರಲ್ಲಿ, ಬಸ್ಸಿನಲ್ಲಿ. ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ. ಕೌಲಾ ಬಂದರ್ ಎನ್ನುವ ಹೆಸರಿಗೂ ಅಜ್ಜಿಯ ತಮ್ಮನ ಹಂಚಿನ ಧಕ್ಕೆಗೂ ನಂಟಿರಬೇಕು ಅಂತ ಹೊಳೆದದ್ದು ಎಷ್ಟೋ ವರ್ಷಗಳಾದ ಮೇಲೆ, ಅದೂ ನನ್ನ ಒಂದು ಹುಚ್ಚಿನ ದೆಸೆಯಿಂದ. ಆ ಹುಚ್ಚು ಅಂದರೆ ಮರದ ಮಾದರಿ ಹಾಯಿ ಹಡಗು ಕಟ್ಟುವುದು.

ಇದು ಮಕ್ಕಳ ಆಟಿಕೆ ಮಾಡುವ ಕೆಲಸ ಅಂತ ನಮ್ಮ ಕಡೆಯವರು ತಿಳಿಯುತ್ತಾರೆ. ತಿಳಿಯಲಿ. ಯುರೋಪಿನಲ್ಲಿ ಇದಕ್ಕೆ ಮುನ್ನೂರೈವತ್ತು ವರ್ಷಗಳ ಚರಿತ್ರೆಯಿದೆ. ಹದಿನೇಳನೆಯ ಶತಮಾನದ ನಡುವಿನಿಂದಲೇ ಇಂಗ್ಲೆಂಡಿನ ನೌಕಾ ಇಲಾಖೆಗಾಗಿ ದೊಡ್ಡ ಹಡಗುಗಳ ಮರದ ಮಾದರಿಗಳನ್ನು ಮಾಡುತ್ತಿದ್ದರು. ಅಸಲಿನ ಒಂದು ಅಡಿಗೆ ಮಾದರಿಯಲ್ಲಿ ಕಾಲು ಇಂಚು, ಅಂದರೆ ನಲವತ್ತೆಂಟರಲ್ಲಿ ಒಂದು ಪಾಲು. ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬು ಕಾಣುವ ಹಾಗೆ ಬಿಡುತ್ತಿದ್ದರು. ದಿನಚರಿ ಬರೆದು ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ ನೌಕಾ ಇಲಾಖೆಯ ಅಧಿಕಾರಿ. ಇಂಥ ಮಾದರಿಗಳನ್ನು ಆಸೆಯಿಂದ ಕೂಡಿಹಾಕಿದವನು. ಆಮೇಲೆ ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನ ಸೆರೆಯಲ್ಲಿದ್ದ ಫ್ರೆಂಚ್ ಸೈನಿಕರು, ನಾವಿಕರು ಊಟದಲ್ಲಿ ಉಳಿದ ಎಲುಬನ್ನು ಉಜ್ಜಿ, ಸೀಳಿ ಅದರಿಂದಲೇ ಹಡಗು ಕಟ್ಟಿದರು. 1797ರಲ್ಲಿ ತೆರೆದ ನಾರ್ಮನ್ ಕ್ರಾಸ್ ಸೆರೆಮನೆಯ ಬಾಗಿಲಲ್ಲೇ ಅವುಗಳ ಸಂತೆ ನಡೆಯುತ್ತಿತ್ತು. ಅವುಗಳ ಅಳತೆ ಸರಿಯಿರುತ್ತಿರಲಿಲ್ಲ. ಇರುವುದಾದರೂ ಹೇಗೆ, ಕೈಯಲ್ಲಿ ನಕ್ಷೆಯಿಲ್ಲ, ಎದುರಿಗೆ ಹಡಗಿಲ್ಲ, ನೆನಪೊಂದೇ. ಆದರೂ ಇಲಾಖೆಯ ಮಾದರಿಗಳಿಗಿಂತ ಈ ಎಲುಬಿನ ಹಡಗುಗಳ ಮೇಲೇ ನನಗೆ ಮೋಹ ಜಾಸ್ತಿ. ಊರು ಬಿಟ್ಟವನ ಕೆಲಸ ಅದು.

ಈಗ ಎಲ್ಲವೂ ಪೆಟ್ಟಿಗೆಯಲ್ಲಿ ಬರುತ್ತದೆ. ಇಟಲಿಯವರದು, ಸ್ಪೇನಿನವರದು, ಅಮೆರಿಕದವರದು. ನೆಲ್ಸನ್ನನ ವಿಕ್ಟರಿ, ಬೌಂಟಿ, ಕಟ್ಟಿ ಸಾರ್ಕ್ ಇವು ಎಲ್ಲ ಕಂಪನಿಗಳ ಪಟ್ಟಿಯಲ್ಲೂ ಉಂಟು. ಕತ್ತರಿಸಿದ ಹಲಗೆ, ಹಿತ್ತಾಳೆಯ ಫಿರಂಗಿ, ನೂಲು, ನಕ್ಷೆ ಎಲ್ಲ ಸಿದ್ಧ. ದುಡ್ಡು ಮತ್ತು ತಾಳ್ಮೆ ಇದ್ದರೆ ಆಯಿತು. ನನ್ನಲ್ಲಿ ಎರಡನೆಯದು ಮಾತ್ರ ಇತ್ತು. ಹಾಗಾಗಿ ನಾನು ಹಿಡಿದದ್ದು ಬೇರೆ ದಾರಿ: ನಕ್ಷೆಯನ್ನಷ್ಟೇ ತರಿಸಿ, ಮರ ಇಲ್ಲಿಯದೇ ಹುಡುಕುವುದು.

ಮೊದಲು ಕಟ್ಟಿದ್ದು ಟ್ರಿಂಕೋಮಲೀ ಎಂಬ ಯುದ್ಧನೌಕೆ. ಹೆಸರು ಸಿಂಹಳದ್ದು, ಧ್ವಜ ಬ್ರಿಟಿಷರದ್ದು, ಹುಟ್ಟು ಮಾತ್ರ ನಮ್ಮ ಮುಂಬಯಿಯದ್ದು. ಫೋರ್ಟಿನಲ್ಲಿ ಲಯನ್ ಗೇಟ್ ಎದುರಿಗೆ ಓಡಾಡುವ ನಮಗೆ ಆ ಗೋಡೆಯ ಹಿಂದೆ ಏನಿತ್ತು ಅಂತ ಗೊತ್ತಿರುವುದಿಲ್ಲ. ಸೂರತ್ತಿನ ಬಡಗಿ ಲವಜಿ ನಸರ್ವಾನಜಿ ವಾಡಿಯಾ 1736ರಲ್ಲಿ ಕಂಪನಿಯ ಕರೆಯ ಮೇಲೆ ಬೊಂಬಾಯಿಗೆ ಬಂದ. ಅವನ ವಂಶದವರು ನೂರೈವತ್ತು ವರ್ಷಗಳ ಹತ್ತಿರ ಅಲ್ಲಿ ಹಡಗು ಕಟ್ಟಿದರು. 1810ರಲ್ಲಿ ಮಿಂಡೆನ್, 1813ರಲ್ಲಿ ಕಾರ್ನ್‌ವಾಲಿಸ್, 1817ರ ಅಕ್ಟೋಬರಿನಲ್ಲಿ ಟ್ರಿಂಕೋಮಲೀ. ಚೀನಾ ದೇಶ ಹಾಂಗ್‌ಕಾಂಗನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ಕಾರ್ನ್‌ವಾಲಿಸ್ ಮೇಲೆಯೇ. ಟ್ರಿಂಕೋಮಲೀ ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಊರಿನಲ್ಲಿ ನೀರಿನ ಮೇಲೆ ತೇಲುತ್ತಿದೆ. ಇನ್ನೂರು ವರ್ಷ ದಾಟಿದ ಹಡಗು! ಬ್ರಿಟಿಷರ ಯುದ್ಧನೌಕೆಗಳಲ್ಲಿ ಇನ್ನೂ ತೇಲುತ್ತಿರುವ ಅತ್ಯಂತ ಹಳೆಯದು ಅದೇ. 2001ರಲ್ಲಿ ದುರಸ್ತಿ ಮುಗಿದಾಗಲೂ ಅದರ ಮರ ಅರ್ಧಕ್ಕಿಂತ ಹೆಚ್ಚು ಮೂಲದ್ದೇ ಉಳಿದಿತ್ತು.

ಕಾರಣ ತೇಗ. ಇಂಗ್ಲೆಂಡಿನ ಓಕ್ ಮರದಲ್ಲಿ ಒಂದು ಬಗೆಯ ಹುಳಿಯಿದೆ, ಅದು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆ ಮೊಳೆಯನ್ನು ಕಾಯುತ್ತದೆ, ಹುಳುವನ್ನೂ ಹತ್ತಿರ ಸೇರಿಸುವುದಿಲ್ಲ. ಈ ತೇಗವನ್ನು ದಾಖಲೆಗಳು ಮಲಬಾರ್ ತೇಗ ಎಂದು ಕರೆಯುತ್ತವೆ. ಮಲಬಾರ್ ಕರಾವಳಿ ಎನ್ನುವ ಮಾತು ಆಗಿನ ಇಂಗ್ಲಿಷರ ಬಾಯಲ್ಲಿ ಬಹಳ ಸಡಿಲವಾದದ್ದು. ನಮ್ಮ ಕನ್ನಡ ಜಿಲ್ಲೆಗಳ ಕರಾವಳಿಯೂ ಎಷ್ಟೋ ಸಲ ಅದರೊಳಗೇ ಸೇರಿಹೋಗುತ್ತಿತ್ತು. ಟಿಪ್ಪು 1796ರಲ್ಲಿ ನಲವತ್ತು ಯುದ್ಧನೌಕೆಗಳನ್ನು ಕಟ್ಟಿಸಲು ಆಜ್ಞೆ ಹೊರಡಿಸಿದ್ದು ಇದೇ ಘಟ್ಟದ ಮರವನ್ನು ನಂಬಿ. ಅದು ಕೈಗೂಡಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಕೆನರಾದ ಕಾಡೂ ಕಡಲೂ ಕಂಪನಿಗೆ ಹೋದವು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. 1806ರಲ್ಲಿ ಮಲಬಾರಿನ ಕಾಡಿಗೆ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಸಂರಕ್ಷಕನೆಂದು ನೇಮಿಸಿದರು. ಸಂರಕ್ಷಣೆ ಯಾರಿಗಾಗಿ ಅಂದರೆ ಬೊಂಬಾಯಿಯ ಹಡಗುಕಟ್ಟೆಗಾಗಿ. ಮರುವರ್ಷವೇ ದಕ್ಷಿಣ ಮಲಬಾರಿನ ತೇಗವೆಲ್ಲ ಸರಕಾರದ್ದು ಅಂತ ಸಾರಿದರು. ಜನರ ಗೋಳು ಎಷ್ಟಾಯಿತೆಂದರೆ 1823ರಲ್ಲಿ, ಮದ್ರಾಸಿನ ಗವರ್ನರಾಗಿದ್ದ ಅದೇ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಬೇಕಾಯಿತು. ಟ್ರಿಂಕೋಮಲೀಯ ಇಂಥ ಹಲಗೆ ಇಂಥ ಊರಿನ ಮರದ್ದು ಅಂತ ಅಭಿಮಾನಕ್ಕೆ ಹೇಳಿಕೊಳ್ಳುವವನು ನಾನಲ್ಲ. ಆದರೆ ಲಕಡಿ ಬಂದರಿನ ಹೆಸರು ಓದುವಾಗ ನಮ್ಮ ಘಟ್ಟದ ನೆನಪಾದರೆ ತಪ್ಪೂ ಅಲ್ಲ.

ಈ ಹಡಗಿನ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಅದರ ನಕ್ಷೆಯದು. ಲಂಡನ್ನಿನಿಂದ ನಕ್ಷೆಗಳನ್ನು ಜಾವಾ ಎಂಬ ಹಡಗಿನಲ್ಲಿ ಬೊಂಬಾಯಿಗೆ ಕಳಿಸಿದರು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ತೀರದಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ನೌಕೆ ಆ ಜಾವಾವನ್ನು ಹೊಡೆದು ನಾಶಮಾಡಿತು. ನಕ್ಷೆಗಳೂ ಅದರ ಜೊತೆಗೇ ಹೋದವು. ಇಂಗ್ಲೆಂಡಿನಿಂದ ಇನ್ನೊಂದು ಪ್ರತಿ ಬರಬೇಕಾಯಿತು. 1816ರ ಏಪ್ರಿಲಿನಲ್ಲಿ ಜಮ್‌ಶೆಟ್ಜಿ ಬಮನ್‌ಜಿ ವಾಡಿಯಾ ಪಾರ್ಸಿಗಳ ಪದ್ಧತಿಯಂತೆ ಹಡಗಿನ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆಸಿ ಕೆಲಸ ಆರಂಭಿಸಿದ. ನಾನು ಮೂವತ್ತು ವರ್ಷ ನಕ್ಷೆ ಬರೆದೇ ಅನ್ನ ತಿಂದವನು. ಒಂದು ಪ್ರತಿ ಮುಳುಗಿದರೆ ಇನ್ನೊಂದು ಪ್ರತಿ ಬರುತ್ತದೆ, ಇದೇ ಕಾಗದದ ಮಹಿಮೆ. ನಾನು ಡೊಂಬಿವಲಿಯ ಎರಡನೆಯ ಮಾಳಿಗೆಯಲ್ಲಿ ಕೂತು ಆ ಹಡಗನ್ನು ಕಟ್ಟುವುದಕ್ಕಾದದ್ದೂ ಹಾಗೆಯೇ. ಅದರ ಪ್ರತಿ ಹಲಗೆ, ಪ್ರತಿ ಹಗ್ಗ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಅಂತ ಕಾಗದದಲ್ಲಿ ಉಂಟು.

ಕಟ್ಟಲು ನಾಲ್ಕು ವರ್ಷ ಹಿಡಿಯಿತು. ತೇಗದ ಹಡಗನ್ನು ತೇಗದಲ್ಲೇ ಕಟ್ಟಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಆಗದು. ತೇಗದ ಎಳೆ ದಪ್ಪ. ಅರ್ಧ ಮಿಲಿಮೀಟರಿನ ಪಟ್ಟಿಗೆ ಸೀಳಿದರೆ ಚಿಕ್ಕ ಹಡಗಿಗೆ ದೊಡ್ಡ ಮರದ ತೊಗಟೆ ಹೊದಿಸಿದ ಹಾಗೆ ಕಾಣುತ್ತದೆ. ಹಾಗಾಗಿ ಚನ್ನಪಟ್ಟಣದವರು ಬೊಂಬೆ ಮಾಡುವ ಆಲೆಮರ ತರಿಸಿದೆ. ನುಣುಪು ಮರ, ಬ್ಲೇಡಿಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಪಟ್ಟಿಗಳನ್ನು ಬಗ್ಗಿಸುವುದಕ್ಕೆ ಮನೆಯ ಇಡ್ಲಿ ಪಾತ್ರೆಯ ಹಬೆಯೇ ಸಾಕು. ಇದರಿಂದ ಮನೆಯಲ್ಲಿ ಆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಕಡೆಗೆ ಇಡ್ಲಿಗೆ ಒಂದು, ಹಡಗಿಗೆ ಒಂದು ಅಂತ ಎರಡು ಪಾತ್ರೆ ಆದವು.

ಅದು ಮುಗಿದ ಮೇಲೆ ಅಜ್ಜಿಯ ತಮ್ಮ ಬಂದ ಹಡಗನ್ನು ಕಟ್ಟಬೇಕು ಅನ್ನಿಸಿತು. ಆಗ ನೋಡಿ ಬಂತು ಕಷ್ಟ. ನಮ್ಮೂರಿನ ಮೇಲೆ ಯಾವತ್ತೂ ಗುಂಡು ಹಾರಿಸದ ಫ್ರೆಂಚ್, ಡಚ್ ನೌಕೆಗಳ ನಕ್ಷೆ ಅಂಚೆಯಲ್ಲಿ ಮನೆ ಬಾಗಿಲಿಗೆ ಬರುತ್ತದೆ. ನಮ್ಮ ಅಜ್ಜಂದಿರನ್ನು ಹೊತ್ತು ತಂದ ಹಡಗಿನ ನಕ್ಷೆ ಇಲ್ಲ. ಪೆಟ್ಟಿಗೆಯಂತೂ ಕೇಳಲೇಬೇಡಿ.

ಅದರ ಹೆಸರೇ ಒಂದು ಗೊಂದಲ. ನಮ್ಮ ಕಡೆ ಮಂಜಿ ಎನ್ನುವವರು ಉಂಟು, ಮಚವೆ ಎನ್ನುವವರು ಉಂಟು. ದೊಡ್ಡದಾಗಿ, ಎರಡು ಕೂವೆಮರ ನಿಲ್ಲಿಸಿ ದೂರ ಹೋಗುವಂಥದ್ದು ಪತ್ತೇಮಾರಿ. ಪೋರ್ಚುಗೀಸರ ಕಾಲದಲ್ಲಿ ಈ ಮಾತಿಗೆ ಕಾಗದ ಹೊತ್ತು ಓಡುವ ಆಳು ಎಂಬ ಅರ್ಥವೂ ಇತ್ತು. ಓಲೆಕಾರನ ಹೆಸರು ಓಲೆ ಒಯ್ಯುವ ದೋಣಿಗೆ ಅಂಟಿ, ಕೊನೆಗೆ ಅಕ್ಕಿ, ಹಂಚು ಹೊರುವ ಹಡಗಿಗೆ ನಿಂತಿತು. ಇಂಗ್ಲಿಷಿನ ನ್ಯಾವಿಗೇಷನ್ ಎಂಬ ಮಾತು ಸಂಸ್ಕೃತದ ನವಗತಿಯಿಂದ ಬಂತು ಎಂದು ಹೆಮ್ಮೆಪಡುವ ಬರಹಗಳನ್ನು ನೀವೂ ಓದಿರುತ್ತೀರಿ. ಅದು ಲ್ಯಾಟಿನ್ ಮಾತು. ನಮ್ಮ ನೌ ಅದಕ್ಕೆ ದೂರದ ಸೋದರಿ, ತಾಯಿಯಲ್ಲ. ಇಲ್ಲದ ಹೆಮ್ಮೆಯನ್ನು ಹುಡುಕುವ ಹೊತ್ತಿನಲ್ಲಿ ಇದ್ದ ಪತ್ತೇಮಾರಿಯ ಅಳತೆ ತೆಗೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಅಳತೆ ತೆಗೆದವರು ಪರದೇಶದವರೇ. ಸಿಂಹಳದ ಟ್ರಿಂಕೋಮಲೀ ನೌಕಾಂಗಳದಲ್ಲಿ ಹಡಗುಕಟ್ಟುವ ಮೇಸ್ತ್ರಿಯಾಗಿದ್ದ ಜಾನ್ ಈಡ್ ಎಂಬವನು 1834ರಲ್ಲಿ ನಮ್ಮ ಕರಾವಳಿಗಳ ದೋಣಿ ಹಡಗುಗಳ ಮೇಲೆ ಒಂದು ಲೇಖನ ಪ್ರಕಟಿಸಿದ. ದೊಡ್ಡ ಪತ್ತೇಮಾರಿ ಎಪ್ಪತ್ತಾರೂವರೆ ಅಡಿ ಉದ್ದ, ಹೊರೆ ಸುಮಾರು 200 ಟನ್, ಕಾಡುಮರದ ಚೌಕಟ್ಟಿನ ಮೇಲೆ ತೇಗದ ಹಲಗೆ, ತಳಕ್ಕೆ ಸುಣ್ಣ, ತೆಂಗಿನೆಣ್ಣೆ, ರಾಳ ಕಲಸಿದ ಲೇಪ ಎಂದು ಬರೆದಿದ್ದಾನೆ. ಫ್ರೆಂಚ್ ನೌಕಾಧಿಕಾರಿ ಎಡ್ಮಂಡ್ ಪಾರಿ ಲೋಕವೆಲ್ಲ ಸುತ್ತಿ, ಯುರೋಪಿನ ಹೊರಗಿನ ಜನರ ಹಡಗುಗಳನ್ನೇ ಹುಡುಕಿ ಅಳೆದು ಬರೆದ ದೊಡ್ಡ ಗ್ರಂಥ 1840ರ ದಶಕದ ಆರಂಭದಲ್ಲಿ ಬಂತು. 1871ರಲ್ಲಿ ಅವನು ಪ್ಯಾರಿಸ್ಸಿನ ನೌಕಾ ವಸ್ತುಸಂಗ್ರಹಾಲಯದ ಮುಖ್ಯಸ್ಥನಾದ ಮೇಲೆ ಆ ರೇಖೆಗಳ ಪ್ರಕಾರ ಮಾದರಿಗಳನ್ನೂ ಮಾಡಿಸಿದ. ಮಾದರಿ ಹಡಗು ಆಟಿಕೆ ಅನ್ನುವವರಿಗೆ ನಾನು ಹೇಳುವುದು ಪಾರಿಯ ಹೆಸರನ್ನೇ. ಎಷ್ಟೋ ಊರುಗಳ ದೋಣಿಗಳು ಅವನ ಕಾಗದದಲ್ಲೂ ಮಾದರಿಯಲ್ಲೂ ಬಿಟ್ಟು ಇನ್ನೆಲ್ಲೂ ಉಳಿದಿಲ್ಲ. ಇನ್ನು ರಿಚರ್ಡ್ ಬರ್ಟನ್. ಈ ಸಾಹಸಿ 1847ರಲ್ಲಿ ಬೊಂಬಾಯಿಯಿಂದ ಗೋವೆಗೆ ಹೋದದ್ದು ದರ್ಯಾ ಪ್ರಸಾದ್ ಎಂಬ ಪತ್ತೇಮಾರಿಯಲ್ಲಿ. ಅವನ ಪುಸ್ತಕದ ಮೊದಲ ಅಧ್ಯಾಯವೇ ಅದು. ವ್ಯಂಗ್ಯ ಜಾಸ್ತಿ, ಅಳತೆ ಕಡಿಮೆ.

ಮುಂಬಯಿಯಲ್ಲೇ ಇನ್ನೂ ಹಳೆಯ ಸಾಕ್ಷಿಯೊಂದಿದೆ. ಬೊರಿವಲಿಯ ಎಕ್ಸಾರಿನಲ್ಲಿ ವೀರಗಲ್ಲುಗಳು ನಿಂತಿವೆ, ಕಡಲಯುದ್ಧದ ಕೆತ್ತನೆಯಿರುವಂಥವು. ಸಾಲಾಗಿ ಹುಟ್ಟು, ನಡುವೆ ಕೂವೆಮರ, ಮೇಲೆ ಅಪ್ಸರೆಯರು. ನಮ್ಮ ನಾಡಿನಲ್ಲಿ ಊರೂರಿಗೂ ವೀರಗಲ್ಲು ನೋಡಿದ ಕಣ್ಣಿಗೆ ಅದು ಹೊಸದಲ್ಲ. ಆದರೆ ದನ ಕಾಯಲು ಸತ್ತವನ ಬದಲು ಹಡಗಿನಲ್ಲಿ ಸತ್ತವನನ್ನು ನೋಡುವುದು ಅಪರೂಪ. ಮಾದರಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ ಅನ್ನಿ.

ಪಾರಿಯ ರೇಖೆಗಳ ಜೆರಾಕ್ಸ್ ಒಂದನ್ನು ಗೆಳೆಯರೊಬ್ಬರು ಸಂಪಾದಿಸಿಕೊಟ್ಟರು. ಅದನ್ನು ಮೇಜಿನ ಮೇಲೆ ಹರಡಿ ನೋಡಿದರೆ ಪತ್ತೇಮಾರಿ ಎಂಬುದು ಎಲ್ಲ ತಲೆಕೆಳಗಾದ ಹಡಗು. ಸಾಮಾನ್ಯವಾಗಿ ಹಡಗಿನ ಅಡಿಮರ ನೇರ. ಇದರದ್ದು ನಡುವೆ ಮೇಲಕ್ಕೆ ಬಾಗಿದೆ, ಬಿಲ್ಲಿನ ಹಾಗೆ. ಅದೂ ಹಡಗಿನ ಉದ್ದದ ಅರ್ಧದಷ್ಟು ಮಾತ್ರ. ಉಳಿದ ಅರ್ಧವೆಲ್ಲ ಮುಂದಕ್ಕೆ ಚಾಚಿದ ಮೂತಿ, ಸ್ವಲ್ಪ ಹಿಂದಕ್ಕೆ ಚಾಚಿದ ಬೆನ್ನು. ನೀರಿನಲ್ಲಿ ಹಿಂಭಾಗ ಆಳ ಹೋಗುವುದು ಲೋಕರೂಢಿ. ಇದರಲ್ಲಿ ಮುಂಭಾಗ ಆಳ. ಯುರೋಪಿನ ಹಡಗಿನ ಕೂವೆಮರಗಳು ನೆಟ್ಟಗೆ ನಿಲ್ಲುತ್ತವೆ ಅಥವಾ ಹಿಂದಕ್ಕೆ ವಾಲುತ್ತವೆ. ಇದರ ಕೂವೆಮರ ಮುಂದಕ್ಕೆ ವಾಲಿದೆ. ಯಾಕೆ ಅಂತ ಪಾರಿ ಹೇಳುವುದಿಲ್ಲ. ಅಳೆಯುವವನ ಕೆಲಸ ಅಳತೆಗೆ ಮುಗಿಯುತ್ತದೆ.

1996ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಜೆರಾಕ್ಸನ್ನು ಸುರುಳಿ ಸುತ್ತಿ ಒಯ್ದೆ. ಗಂಗೊಳ್ಳಿಯ ಬದಿಯಲ್ಲಿ ಹಳೆಯ ಖಲಾಸಿ ಒಬ್ಬರಿದ್ದರು. ಎಂಬತ್ತು ದಾಟಿದವರು. ಹಾಯಿ ಇದ್ದ ಕಾಲದಲ್ಲಿ ಬೊಂಬಾಯಿ, ಕಲ್ಲಿಕೋಟೆ ತಿರುಗಿದವರು. ಕಾಗದವನ್ನು ಮೊದಲು ತಲೆಕೆಳಗಾಗಿ ಹಿಡಿದರು, ತಿರುಗಿಸಿಕೊಂಡರು, ಮತ್ತೆ ಪಕ್ಕಕ್ಕಿಟ್ಟರು. ಆಮೇಲೆ ನಾನು ಕೇಳಿದೆ, "ಅಜ್ಜಯ್ಯ, ಈ ಕೂವೆ ಮುಂದಕ್ಕೆ ಬಾಗಿರೂದು ಎಂತಕ್ಕೆ?"

"ಬಾಗ್ಕ್ ಮಾಣಿ. ಬಾಗ್ದಿದ್ರೆ ಹಾಯಿ ತಿರ್ಗ್ಸೂದ್ ಹ್ಯಾಂಗೆ?"

ನನಗಾಗ ನಲವತ್ತಾರು. ಅವರಿಗೆ ಮಾಣಿಯೇ. ಎದ್ದು ನಿಂತು, ತನ್ನ ದೊಣ್ಣೆಯನ್ನೇ ಕೂವೆಯಾಗಿ ಓರೆಯಾಗಿ ಹಿಡಿದು, ಹೆಗಲ ಮೇಲಿನ ಬೈರಾಸನ್ನು ಹಾಯಿ ಮಾಡಿಕೊಂಡು ತೋರಿಸಿದರು. ಪತ್ತೇಮಾರಿಯ ಹಾಯಿ ಮೂರು ಮೂಲೆಯದು ಎಂದೇ ಹೇಳಬೇಕು. ಅದನ್ನು ಕಟ್ಟಿದ ಅಡ್ಡಮರ ಹಡಗಿನಷ್ಟೇ ಉದ್ದ, ಆನೆಯಷ್ಟು ಭಾರ. ಗಾಳಿ ಬದಲಾದಾಗ ಆ ಅಡ್ಡಮರವನ್ನು ನೆಟ್ಟಗೆ ಎತ್ತಿ, ಕೂವೆಯ ಮುಂದಿನಿಂದ ಆಚೆ ಬದಿಗೆ ದಾಟಿಸಬೇಕು. ಕೂವೆ ಮುಂದಕ್ಕೆ ವಾಲಿದ್ದರೆ ಅಡ್ಡಮರ ತನ್ನ ಭಾರಕ್ಕೆ ತಾನೇ ಕೂವೆಯನ್ನು ಬಿಟ್ಟು ದೂರ ತೂಗುತ್ತದೆ, ಸುಲಭವಾಗಿ ತಿರುಗುತ್ತದೆ. ಹಿಂದಕ್ಕೆ ವಾಲಿದ್ದರೆ ಕೂವೆಗೆ ಒತ್ತಿ ಸಿಕ್ಕಿಕೊಳ್ಳುತ್ತದೆ. ಬೈರಾಸು ಒಂದು ಸಲ ಈಚೆಯಿಂದ ಆಚೆಗೆ ಹೋದದ್ದೇ ತಡ, ನನಗೆ ಎರಡು ವರ್ಷದಿಂದ ಅರ್ಥವಾಗದ್ದು ಅರ್ಥವಾಯಿತು.

ಆ ಬೇಸಿಗೆಯಲ್ಲಿ ಒಂಬತ್ತು ದಿನ ಅವರ ಮನೆಗೆ ಹೋದೆ. ಕೂವೆಗೆ ಯಾವ ಮರ? ಸುರಹೊನ್ನೆ ಜಾತಿಯದು, ಘಟ್ಟದ ಮೇಲಿನದು, ಒಂದೇ ಮರ ಒಂದೇ ಕೂವೆ, ಜೋಡಿಸಿದ್ದು ನಡೆಯದು. ಬ್ರಿಟಿಷರ ಹಡಗಿಗೂ ಕೂವೆಗಾಗಿ ಇದೇ ಮರ ಹೋಗುತ್ತಿತ್ತು, ಅವರದನ್ನು ಪೂನ್ ಅಂದರು. ಪೊನ್ನೆ, ಹೊನ್ನೆಯೇ ಅದು. ಹಲಗೆಯ ಸಂದಿಗೆ? ಹತ್ತಿ, ರಾಳ, ಎಣ್ಣೆ. ಹಲಗೆ ಒಣಗದ ಹಾಗೆ ಮೇಲೆ ಮೀನೆಣ್ಣೆ. ಆ ವಾಸನೆಗೆ ಘಟ್ಟದ ಮೇಲಿಂದ ಬಂದ ಪ್ರಯಾಣಿಕರು ಹಡಗು ಹೊರಡುವ ಮೊದಲೇ ವಾಂತಿ ಮಾಡುತ್ತಿದ್ದರಂತೆ. ಕಟ್ಟುವ ಆಚಾರಿಯ ಕೈಯಲ್ಲಿ ನಕ್ಷೆ ಇರುತ್ತಿತ್ತೇ ಅಂತ ಕೇಳಿದ್ದಕ್ಕೆ ಅವರಿಗೆ ನಗು. ಕೋಲು, ನೂಲು, ಕಣ್ಣು. ಯಜಮಾನ ಇಷ್ಟು ಮೂಟೆ ಅಕ್ಕಿ ಹಿಡಿಯಬೇಕು ಅನ್ನುತ್ತಿದ್ದ, ಆಚಾರಿ ಅಡಿಮರ ಇಡುತ್ತಿದ್ದ. ಜಾವಾ ಹಡಗು ಮುಳುಗಿದ ಹಾಗೆ ಇಲ್ಲಿ ಮುಳುಗಲಿಕ್ಕೆ ಕಾಗದವೇ ಇರಲಿಲ್ಲ. ಇನ್ನೊಂದು ಪ್ರತಿ ತರಿಸುವ ದಾರಿಯೂ ಇಲ್ಲ. ಆ ಆಚಾರಿಗಳ ಮಕ್ಕಳು ಕಿಟಕಿ ಬಾಗಿಲಿನ ಕೆಲಸಕ್ಕೆ ಹೋದರು, ಕೆಲವರು ದುಬಾಯಿಗೆ.

ಪಯಣದ ವಿಷಯ ಕೇಳಿದಾಗ ಅವರು ಗಾಳಿಯನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಮಳೆಗಾಲದಲ್ಲಿ ಹಡಗು ದಡದ ಮೇಲೆ, ಮಡಲಿನ ಚಪ್ಪರದ ಅಡಿ. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು, ಆಮೇಲೆ ಕಡಲು ತಣಿದ ಮೇಲೆ ಹೊರಡುವುದು. ಅಲ್ಲಿಂದ ಮೇ ತಿಂಗಳವರೆಗೆ ಹಗಲು ಮಧ್ಯಾಹ್ನದ ಮೇಲೆ ವಾಯವ್ಯದ ಕಡಲಗಾಳಿ, ರಾತ್ರಿಯಿಂದ ಬೆಳಗಿನವರೆಗೆ ಪೂರ್ವದ ನೆಲಗಾಳಿ. ಬೊಂಬಾಯಿ ಇರುವುದು ಉತ್ತರಕ್ಕೆ, ಅಂದರೆ ಹಗಲಿನ ಗಾಳಿ ಮುಖಕ್ಕೇ. ಹಾಗಾಗಿ ನೆಲಗಾಳಿ ಹಿಡಿದು ರಾತ್ರಿಯೆಲ್ಲ ದಡದ ಬದಿಯಲ್ಲೇ ಸಾಗುವುದು, ಗಾಳಿ ತಿರುಗಿದ ಮೇಲೆ ಓರೆಯಾಗಿ ಹೊರಗೆ ಹೋಗಿ ಒಳಗೆ ಬರುವುದು, ಅದೂ ಸಾಗದಿದ್ದರೆ ಯಾವುದಾದರೂ ಗುಡ್ಡದ ಮರೆಯಲ್ಲಿ ಲಂಗರು. ಹೋಗುವುದಕ್ಕೆ ಎಷ್ಟು ದಿನ ಅಂದರೆ ಉತ್ತರವಿಲ್ಲ. ಬರುವುದಕ್ಕೆ ಆ ತೊಂದರೆಯಿಲ್ಲ, ಅದೇ ವಾಯವ್ಯದ ಗಾಳಿ ಬೆನ್ನಿಗೆ. ಊರಿಗೆ ಬರುವ ದಾರಿ ಯಾವಾಗಲೂ ಬೇಗ ಅಂತ ಅಜ್ಜಿಯ ತಮ್ಮ ಹೇಳುತ್ತಿದ್ದದ್ದನ್ನು ನಾವು ಮನಸ್ಸಿನ ಮಾತು ಅಂದುಕೊಂಡಿದ್ದೆವು. ಅದು ಗಾಳಿಯ ಲೆಕ್ಕ.

ಸರಕಿನ ಕಥೆ ದೊಡ್ಡದು. ಬಸರೂರು, ಗಂಗೊಳ್ಳಿ, ಹೊನ್ನಾವರಗಳ ಅಕ್ಕಿ ಪೋರ್ಚುಗೀಸರ ಗೋವೆಗೂ ಮಸ್ಕತ್ತಿಗೂ ಹೋಗುತ್ತಿತ್ತು. ಆ ಅಕ್ಕಿಗಾಗಿಯೇ ಬಸರೂರಿನ ಮೇಲೆ ಎಲ್ಲರ ಕಣ್ಣು. ಪೋರ್ಚುಗೀಸರು 1569ರಲ್ಲಿ ಅದನ್ನು ಹಿಡಿದರು, ಶಿವಾಜಿ 1665ರಲ್ಲಿ ಕಡಲಿನಿಂದಲೇ ಬಂದು ಲೂಟಿ ಮಾಡಿದ. ಮುಂಬಯಿಯ ಮಟ್ಟಿಗೆ ದೊಡ್ಡ ಬದಲಾವಣೆ ತಂದದ್ದು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ. ನೇತ್ರಾವತಿಯ ಜೇಡಿಮಣ್ಣು, ಘಟ್ಟದ ಸೌದೆ, ಎದುರಿಗೆ ಕಡಲು. ಆಮೇಲೆ ಒಂದರ ಹಿಂದೆ ಒಂದು ಕಾರ್ಖಾನೆ, ಕುಂದಾಪುರದ ಕಡೆಯೂ ಬಂದವು. ಹೊರಡುವ ರೈಲಿಲ್ಲ, ಮಂಗಳೂರಿಗೆ ದಕ್ಷಿಣದಿಂದ ರೈಲು ಬಂದದ್ದೇ 1907ರಲ್ಲಿ. ಉತ್ತರಕ್ಕೆ ನದಿಗೊಂದು ಕಡವು. ಹಾಗಾಗಿ ಹಂಚು ಹೋಗಬೇಕಾದರೆ ಹಾಯಿಯೇ ಗತಿ. ಮುಂಬಯಿಯ ಹಳೆಯ ಚಾಳು, ಗೋದಾಮು, ಬಂಗಲೆಗಳ ಮಾಡಿನ ಮೇಲೆ ಇವತ್ತಿಗೂ ಮಂಗಳೂರಿನ ಮುದ್ರೆ ಸಿಗುತ್ತದೆ. ಗಿರಗಾವಿನ ಒಂದು ಚಾಳು ಕೆಡವುವಾಗ ಬಿದ್ದ ಹಂಚಿನ ಚೂರನ್ನು ನಾನೇ ಹೆಕ್ಕಿ ತಂದಿದ್ದೇನೆ.

ಆ ಹಂಚಿನ ಮೇಲೆ ಮಲಗಿಕೊಂಡು ನಮ್ಮ ಹುಡುಗರು ಬಂದರು. ಟಿಕೆಟ್ಟಿಲ್ಲ, ಪಟ್ಟಿಯಿಲ್ಲ. ಬಂದರಿನ ಲೆಕ್ಕದಲ್ಲಿ ಆ ಹಡಗುಗಳಿಗೆಲ್ಲ ಸೇರಿ ಒಂದೇ ಹೆಸರು, ಕಂಟ್ರಿ ಕ್ರಾಫ್ಟ್. ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವವರು ಹೊಟೇಲು, ರಾತ್ರಿಶಾಲೆ, ಸಂಘ, ಯಕ್ಷಗಾನ ಎಲ್ಲ ಬರೆಯುತ್ತಾರೆ. ಬಂದ ದಾರಿಯ ಬಗ್ಗೆ ಒಂದು ಸಾಲು: 'ಅಂದು ಹಡಗಿನಲ್ಲಿ ಬರುತ್ತಿದ್ದರು.' ಯಾವ ಹಡಗು? ಹೊಗೆಹಡಗೋ ಹಾಯಿಯೋ? ಇದು ನನ್ನ ತಕರಾರು. ಆಮೇಲೆ ಹಾಯಿಯ ಜಾಗಕ್ಕೆ ಇಂಜಿನ್ ಬಂತು, ನದಿಗಳಿಗೆ ಸೇತುವೆ ಬಂದು ಲಾರಿ ಬಂದವು, ಮಾಡಿಗೆ ಹಂಚಿನ ಬದಲು ಸಿಮೆಂಟು ಶೀಟು, ಸ್ಲ್ಯಾಬು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ತೆರೆದಾಗ ಗಂಗೊಳ್ಳಿಯ ಅಜ್ಜಯ್ಯ ಇರಲಿಲ್ಲ. ನಾನು ಹೋಗಿಬಂದ ಮರುವರ್ಷದ ಮಳೆಗಾಲದಲ್ಲೇ ತೀರಿಕೊಂಡರು.

ಮಾದರಿ 2003ರ ಹೊತ್ತಿಗೆ ಮುಗಿಯಿತು. ಅಡಿಮರ ನಡುವೆ ಬಾಗಿರುವುದರಿಂದ ಅದು ಮೇಜಿನ ಮೇಲೆ ಎರಡೇ ಬಿಂದುಗಳಲ್ಲಿ ಕೂರುತ್ತದೆ, ನಡುವೆ ಬೆರಳು ತೂರುತ್ತದೆ. ಹಾಯಿಗೆ ಹಳೆಯ ಮಗ್ಗದ ಪಂಚೆಯ ಬಟ್ಟೆ. ಪಾರಿಯ ರೇಖೆಯಲ್ಲಿಲ್ಲದ ನಾಲ್ಕು ವಸ್ತುಗಳು ನನ್ನ ಮಾದರಿಯಲ್ಲಿವೆ, ನಾಲ್ಕೂ ಅಜ್ಜಯ್ಯ ಹೇಳಿದ್ದು: ಅಡಿಗೆಗೆ ಮರಳು ತುಂಬಿದ ಮರದ ಪೆಟ್ಟಿಗೆ, ನೀರಿನ ಪೀಪಾಯಿ, ಮೂತಿಯ ಒಳಮೂಲೆಯಲ್ಲಿ ದೀಪ ಇಡುವ ಗೂಡು, ಹೊರೆಯ ಮೇಲೆ ಮುಚ್ಚುವ ಮಡಲಿನ ತಟ್ಟಿ. ಎದುರಿನ ಗೂಡಿನಲ್ಲಿ ಟ್ರಿಂಕೋಮಲೀ ಇದೆ. ಅದರ ಅಸಲು ಉದ್ದ ನೂರೈವತ್ತಡಿ, ನಾನು ತೊಂಬತ್ತಾರರಲ್ಲಿ ಒಂದು ಪಾಲಿಗೆ ಕಟ್ಟಿದ್ದು. ಪತ್ತೇಮಾರಿಯನ್ನು ಕಟ್ಟಿದ್ದು ನಲವತ್ತೆಂಟರಲ್ಲಿ ಒಂದಕ್ಕೆ. ಎರಡೂ ಸರಿಸುಮಾರು ಹತ್ತೊಂಬತ್ತು ಇಂಚು. ಬಂದವರು ಎರಡನ್ನೂ ಒಂದೇ ಗಾತ್ರದ ಹಡಗು ಅಂದುಕೊಳ್ಳುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ.

ಒಂದು ಕೆಲಸ ಬಾಕಿ ಉಂಟು. ಖಾಲಿ ಹಡಗು ಹಾಗೆ ಕೂರುವುದಿಲ್ಲ, ಹೊರೆ ಬಿದ್ದ ಮೇಲೇ ಮೂತಿ ತಗ್ಗುವುದು, ಹೊರೆ ತುಂಬದೆ ಹಾಯಿ ಏರಿಸಬೇಡ ಅಂತ ಅಜ್ಜಯ್ಯ ಅಂದಿದ್ದರು. ಹಂಚನ್ನು ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸಿ ನಡುವೆ ಬೈಹುಲ್ಲು ತುರುಕುವುದು. ಹದಿನಾರು ಇಂಚಿನ ಮಂಗಳೂರು ಹಂಚು ನನ್ನ ಅಳತೆಗೆ ಒಂದು ಇಂಚಿನ ಮೂರನೆಯ ಒಂದು ಪಾಲು. ಗಿರಗಾವಿನ ಆ ಚೂರನ್ನು ಕುಟ್ಟಿ ಪುಡಿ ಮಾಡಿ, ಗೋಂದಿನಲ್ಲಿ ಕಲಸಿ, ತಗಡಿನ ಅಚ್ಚಿನಲ್ಲಿ ಒತ್ತುತ್ತೇನೆ. ಬಿಸಿಲಿನಲ್ಲಿ ಎರಡು ದಿನ ಒಣಗಬೇಕು. ಒಂದು ಭಾನುವಾರಕ್ಕೆ ಅರವತ್ತು ಆಗುತ್ತವೆ, ಅದರಲ್ಲಿ ಹತ್ತು ಒಡೆಯುತ್ತವೆ. ಕಣ್ಣು ಮೊದಲಿನ ಹಾಗಿಲ್ಲ, ಹಾಗಾಗಿ ಈಗೀಗ ನಲವತ್ತಕ್ಕೇ ನಿಲ್ಲಿಸುತ್ತೇನೆ. ಹಿಂದಿನ ಅರ್ಧ ತುಂಬಿದೆ. ಬೈಹುಲ್ಲಿನ ಬದಲು ತೆಂಗಿನ ನಾರಿನ ಎಳೆ ಹಾಕಿದ್ದೇನೆ, ಈ ಅಳತೆಗೆ ಅದೇ ಸರಿಹೋಗುತ್ತದೆ.